ಬೆಂಗಳೂರಿನ ಮಣ್ಣಿನ ಮನೆ, ಸಿಂಧನೂರಿನ ಬಿಸಿಲು

ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಒಂದು ಮನೆ ಇದೆ. ಅದರ ಗೋಡೆಗಳಿಗೆ ಬೇಕಾದ ಮಣ್ಣು ಲಾರಿಯಲ್ಲಿ ಬರಲಿಲ್ಲ, ನೆಲಮಾಳಿಗೆಗೆಂದು ತೋಡಿದ ಗುಂಡಿಯಿಂದಲೇ ಬಂತು. ಮನೆ ಕಟ್ಟುವ ಬೇರೆಯವರು ಪಾಯ ತೋಡಿದ ಮಣ್ಣನ್ನು ದುಡ್ಡು ಕೊಟ್ಟು ಊರಾಚೆ ಸುರಿಸುತ್ತಾರೆ, ಮತ್ತೆ ದುಡ್ಡು ಕೊಟ್ಟು ಸುಟ್ಟ ಇಟ್ಟಿಗೆ ತರಿಸುತ್ತಾರೆ. ಇಲ್ಲಿ ಎರಡೂ ಖರ್ಚು ಉಳಿಯಿತು, ಮೇಲೆ ಒಂದು ನೆಲಮಾಳಿಗೆಯೂ ಸಿಕ್ಕಿತು. ಇದು ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ 1990ರ ದಶಕದಲ್ಲಿ ತಮ್ಮ ಸಂಸಾರಕ್ಕಾಗಿ ತಾವೇ ನಕ್ಷೆ ಹಾಕಿ ಕಟ್ಟಿಸಿದ ಮನೆ. ಅಹಮದಾಬಾದಿನ ಸೆಪ್ಟ್ (CEPT) ಸಂಸ್ಥೆಯಲ್ಲಿ ಓದಿದ ಅವರು, ನೀರಿನ ವಿಷಯದಲ್ಲಿ ನಾಡಿಗೆಲ್ಲ ಗೊತ್ತಿರುವ ಸಿವಿಲ್ ಎಂಜಿನಿಯರ್ ಪತಿ ಎಸ್. ವಿಶ್ವನಾಥ್ ಅವರೊಂದಿಗೆ 'ಬಯೋಮ್' ಸಂಸ್ಥೆಯ ಮೂಲಕ ಇಂಥ ನೂರಾರು ಮನೆಗಳನ್ನು ಕಟ್ಟಿದ್ದಾರೆ. ಆದರೂ ಅವರ ವಿಚಾರ ಪೂರ್ತಿ ಅರ್ಥವಾಗಬೇಕಾದರೆ ಈ ಸ್ವಂತ ಮನೆಯನ್ನೇ ನೋಡಬೇಕು. ಬೇರೆಯವರ ದುಡ್ಡಿನಲ್ಲಿ ಮಾಡಲಾಗದ ಪ್ರಯೋಗವನ್ನು ಆರ್ಕಿಟೆಕ್ಟ್ ತನ್ನ ಮನೆಯ ಮೇಲೆ ಮಾಡುತ್ತಾನೆ, ಅದರ ಫಲವನ್ನೂ ದಿನವೂ ತಾನೇ ಉಣ್ಣುತ್ತಾನೆ.

ಗೋಡೆಯ ಮಣ್ಣು ನೆಲದ ಕೆಳಗಿನದಾದರೆ, ಮಹಡಿಯ ಮೇಲೆ ಇನ್ನೊಂದು ಲೋಕವೇ ಇದೆ. ಸೂರಿನ ಮೇಲೆ ಬಿದ್ದ ಮಳೆ ತೊಟ್ಟಿ ಸೇರುತ್ತದೆ. ಸ್ನಾನದ, ಬಟ್ಟೆ ಒಗೆದ ನೀರು ಚರಂಡಿಗೆ ಹೋಗುವ ಬದಲು ಜೊಂಡಿನಂಥ ಗಿಡಗಳ ಬೇರುಗಳ ನಡುವೆ ಹಾದು ತಿಳಿಯಾಗುತ್ತದೆ. ಆ ನೀರಿನಲ್ಲಿ ವಿಶ್ವನಾಥ್ ಮಹಡಿಯ ಮೇಲೆ ಭತ್ತ ಬೆಳೆದು ತೋರಿಸಿದ್ದಾರೆ. ಶೌಚಾಲಯವೂ ಅಲ್ಲೇ ಮೇಲಿದೆ. ಮಲ, ಮೂತ್ರ ಬೇರೆ ಬೇರೆಯಾಗಿ ಸಂಗ್ರಹವಾಗಿ, ಒಂದು ಕೊಳೆತು ಗೊಬ್ಬರವಾಗುತ್ತದೆ, ಇನ್ನೊಂದು ನೀರಿನೊಂದಿಗೆ ಬೆರೆತು ಗಿಡದ ಬುಡಕ್ಕೆ ಹೋಗುತ್ತದೆ. ಫ್ಯಾನಿನ ಹಂಗಿಲ್ಲದೆ ಬೇಸಗೆ ಕಳೆಯುವ ಮನೆ ಎಂದೂ ಇದಕ್ಕೆ ಹೆಸರಿದೆ. ರಾಯಚೂರು ಜಿಲ್ಲೆಯ ನಮ್ಮ ಸಿಂಧನೂರಿನ ರೈತನಿಗೆ ಭತ್ತ ಹೊಸದಲ್ಲ, ಆದರೆ ಬಚ್ಚಲು ನೀರಿನಲ್ಲಿ, ಅದೂ ಮಹಡಿಯ ಮೇಲೆ ಭತ್ತ ಎಂದರೆ ಅವನೂ ನಿಂತು ನೋಡುವ ಮಾತು.

ಈ ಮನೆಯ ಹಿಂದೆ ಬೆಂಗಳೂರಿನದೇ ಒಂದು ಸಂಶೋಧನೆಯ ಪರಂಪರೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿನ ಬ್ಲಾಕ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅಲ್ಲಿಂದ ಬಂದ ಕೈಯಂತ್ರದ ಹೆಸರು 'ಮರ್ದಿನಿ'. ವಿಧಾನ ಸರಳ. ಮಣ್ಣನ್ನು ಜರಡಿ ಹಿಡಿದು, ನೂರಕ್ಕೆ ಏಳರಷ್ಟು ಸಿಮೆಂಟ್ ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟೇ ನೀರು ಚಿಮುಕಿಸಿ ಅಚ್ಚಿಗೆ ತುಂಬುತ್ತಾರೆ. ಮುಚ್ಚಳ ಹಾಕಿ ಉದ್ದನೆಯ ಹಿಡಿಕೆಯನ್ನು ಇಬ್ಬರು ಸೇರಿ ಎಳೆದರೆ ಸಡಿಲ ಮಣ್ಣು ಒತ್ತಿ ಗಟ್ಟಿ ಬ್ಲಾಕ್ ಆಗುತ್ತದೆ. ಮೂರು ವಾರ ನೀರು ಹಾಕಿ ನೆರಳಲ್ಲಿ ಮಾಗಿಸಿದರೆ ಮುಗಿಯಿತು. ಭಟ್ಟಿ ಇಲ್ಲ, ಕಟ್ಟಿಗೆ ಇಲ್ಲ, ಹೊಗೆ ಇಲ್ಲ. ಸುಟ್ಟ ಇಟ್ಟಿಗೆಗೆ ತಗಲುವ ಇಂಧನದ ಕಾಲು ಭಾಗದಲ್ಲಿ ಈ ಬ್ಲಾಕ್ ತಯಾರಾಗುತ್ತದೆ ಎಂದು ಜಗದೀಶ್ ಮತ್ತು ವೆಂಕಟರಾಮ ರೆಡ್ಡಿ ಅವರ ಲೆಕ್ಕಾಚಾರ ತೋರಿಸಿದೆ.

ಹಾಗಾದರೆ ವಿದ್ಯಾರಣ್ಯಪುರದ ನಕ್ಷೆಯನ್ನೇ ತಂದು ಸಿಂಧನೂರಿನಲ್ಲಿ ಕಟ್ಟಿಬಿಡೋಣವೇ? ಕಟ್ಟಬಾರದು. ಒಳ್ಳೆಯ ಮನೆಯನ್ನು ಕಂಡಾಗ ಅದರ ರೂಪವನ್ನು ನಕಲು ಮಾಡುವುದು ಸುಲಭ. ಆ ಮನೆಯ ಯಜಮಾನಿ ತನ್ನ ನಿವೇಶನವನ್ನು ಏನೇನು ಕೇಳಿದಳು, ಅದು ಏನು ಉತ್ತರ ಕೊಟ್ಟಿತು ಎಂಬುದನ್ನು ಮಾತ್ರ ನಾವು ಕಲಿಯಬೇಕು. ಕಾಲ ಕೆಳಗಿನ ಮಣ್ಣು ಎಂಥದು, ತಲೆಯ ಮೇಲಿನ ಬಿಸಿಲು ಎಷ್ಟು, ವರ್ಷಕ್ಕೆ ಬೀಳುವ ಮಳೆ ಎಷ್ಟು? ಇವೇ ಪ್ರಶ್ನೆಗಳನ್ನು ನಮ್ಮ ಕಡೆ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ಮೊದಲು ಮಣ್ಣು. ಒತ್ತಿದ ಬ್ಲಾಕ್‌ಗೆ ಮರಳಿನ ಅಂಶ ಹೆಚ್ಚಿರುವ ಕೆಂಪು ಮಣ್ಣು ಬೇಕು. ಬೆಂಗಳೂರಿನ ನೆಲ ಅದಕ್ಕೆ ಹೇಳಿ ಮಾಡಿಸಿದ್ದು. ಸಿಂಧನೂರಿನ ಬಯಲು ಎರೆಭೂಮಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಸಿದರೆ ಮೊಣಕೈವರೆಗೂ ಹೋಗುತ್ತದೆ. ಅಂಥ ಮಣ್ಣಿನಲ್ಲಿ ನೇರವಾಗಿ ಬ್ಲಾಕ್ ಒತ್ತಿದರೆ ಒಣಗುವಾಗಲೇ ಸೀಳುತ್ತದೆ. ಸುಣ್ಣ ಬೆರೆಸಬೇಕು, ಮರಳು ಕೂಡಿಸಬೇಕು, ಇಲ್ಲವೇ ಬೇರೆ ಮಣ್ಣು ತರಬೇಕು. ಪಾಯದ ಕಥೆಯೂ ಅಷ್ಟೇ. ಎರೆಯ ಮೇಲೆ ನಿಂತ ಗೋಡೆ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ, ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಆದ್ದರಿಂದಲೇ ನಮ್ಮ ಗೌಂಡಿಗಳು ಗರಸು ಸಿಗುವವರೆಗೂ ತೋಡಿಸುತ್ತಾರೆ. ಗರಸು ತೀರಾ ಆಳದಲ್ಲಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ತಳದಲ್ಲಿ ಗಂಟೆಯಂತೆ ಅಗಲವಾಗುವ ಪೈಲ್‌ಗಳಿವೆ. ಮಸ್ಕಿ ದಾಟಿ ಲಿಂಗಸುಗೂರು, ಮುದಗಲ್ಲಿನ ಕಡೆ ಹೊರಟರೆ ಹಲವು ಕಡೆ ನೆಲ ಕೆಂಪು ಮಸಾರಿಗೆ ತಿರುಗುತ್ತದೆ, ಬಂಡೆಗುಡ್ಡಗಳು ಎದ್ದು ನಿಲ್ಲುತ್ತವೆ. ಅಲ್ಲಿ ಬ್ಲಾಕ್‌ಗೂ ಮಣ್ಣುಂಟು, ಪಾಯಕ್ಕೂ ಕಲ್ಲುಂಟು. ಒಂದು ಗಾಜಿನ ಬಾಟಲಿಗೆ ಮಣ್ಣು, ನೀರು ತುಂಬಿ ಚೆನ್ನಾಗಿ ಅಲುಗಾಡಿಸಿ ಒಂದು ದಿನ ಬಿಟ್ಟರೆ ಮರಳು ಕೆಳಗೆ, ಜೇಡಿ ಮೇಲೆ ಪದರವಾಗಿ ಕೂರುತ್ತದೆ. ನಿಮ್ಮ ನಿವೇಶನದ ಮಣ್ಣು ಎಂಥದೆಂದು ಮೊದಲ ಅಂದಾಜಿಗೆ ಇಷ್ಟು ಸಾಕು.

ಇನ್ನು ಬಿಸಿಲು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಿಂಧನೂರು ಇರುವುದು ಅದರ ಅರ್ಧಕ್ಕಿಂತ ಕೆಳಗೆ. ಅಲ್ಲಿ 38 ಡಿಗ್ರಿ ಆದರೆ ಸುದ್ದಿ. ಇಲ್ಲಿ ಮೇ ತಿಂಗಳಲ್ಲಿ 42 ದಾಟುವುದು ವಾಡಿಕೆ. ಅಲ್ಲಿ ದೊಡ್ಡ ಕಿಟಕಿ ತೆರೆದು ಗಾಳಿ ಆಡಿಸಿದರೆ ತಂಪು. ಇಲ್ಲಿ ಮಧ್ಯಾಹ್ನ ಕಿಟಕಿ ತೆರೆದರೆ ಒಳಗೆ ಬರುವುದು ಝಳ. ಹಗಲು ಮುಚ್ಚಿಟ್ಟು ರಾತ್ರಿ ತೆರೆಯುವ ಮನೆ ನಮಗೆ ಬೇಕು.

ಅಂಥ ಮನೆ ಮೊದಲೇ ಇಲ್ಲಿತ್ತು, ಇನ್ನೂ ಅಲ್ಲಲ್ಲಿ ಉಳಿದಿದೆ: ಮಣ್ಣಿನ ಸೂರಿನ ಮಾಳಿಗೆ ಮನೆ. ಅದಕ್ಕೆ ಆರ್ಕಿಟೆಕ್ಟ್ ಯಾರೂ ಇರಲಿಲ್ಲ, ಬಡಿಗ, ಗೌಂಡಿ ಮತ್ತು ಮನೆಯವರು ಕೂಡಿ ಕಟ್ಟಿದರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ತಾಲ್ಲೂಕುಗಳ ಹಳೆಯ ಓಣಿಗಳಲ್ಲಿ ಇಂಥ ಮನೆಯೊಳಗೆ ನಡು ಮಧ್ಯಾಹ್ನ ಕಾಲಿಟ್ಟವರಿಗೆ ಅದರ ತಂಪಿನ ಬಗ್ಗೆ ಹೇಳಬೇಕಿಲ್ಲ. ತಲಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಮೆಟ್ಟಿಲೇರಿದರೆ ಪಡಸಾಲಿ, ಅದರ ಹಿಂದೆ ನಡುಮನಿ, ಅಡಗಿಮನಿ. ಗೋಡೆ ಎರಡು ಮೊಳ ದಪ್ಪ. ಕಿಟಕಿ ಎಂಬುದು ಹೆಸರಿಗೆ. ಮಾಳಿಗೆಯಲ್ಲಿ ಅಲ್ಲಲ್ಲಿ ಗವಾಕ್ಷಿ, ಅದರಿಂದ ಇಳಿಯುವ ಬೆಳಕೇ ಅಡುಗೆಗೂ ರೊಟ್ಟಿ ಬಡಿಯುವುದಕ್ಕೂ ಸಾಕು. ಬಿಸಿಯಾದ ಗಾಳಿ, ಹೊಗೆ ಎರಡೂ ಅದೇ ದಾರಿಯಲ್ಲಿ ಮೇಲೇರಿ ಹೋಗುತ್ತವೆ. ಮಳೆ ಬಂದರೆ ಮೇಲೆ ಹೋಗಿ ಕಲ್ಲೋ ಗಡಿಗೆಯೋ ಮುಚ್ಚಿ ಬರುವುದು ಮನೆಯ ಹುಡುಗರ ಕೆಲಸ.

ಮಾಳಿಗೆಯನ್ನು ಹತ್ತಿರದಿಂದ ನೋಡಬೇಕು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಜೋಡಿಸಿದ ಸಣ್ಣ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ನಾದಿದ ಮಣ್ಣು. ಕೊನೆಗೆ, ಮುಂಗಾರು ಮುಟ್ಟುವ ಮೊದಲು, ಬಿಳುಪು ಬಣ್ಣದ ಸವಳು ಮಣ್ಣಿನ ಒಂದು ಹಾಸು. ಈ ಸವಳಿನ ಹಾಸಿನಲ್ಲಿರುವ ವಿಜ್ಞಾನಕ್ಕೆ ನಾನು ಸದಾ ಬೆರಗಾಗುತ್ತೇನೆ. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಅದರ ಜೇಡಿಯ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ಹರಡಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮೊದಲ ಹನಿಗಳು ಬಿದ್ದ ಮೇಲೆ ನೀರು ಒಳಗಿಳಿಯದೆ ಮೇಲಿಂದಲೇ ಜಾರಿ ಹೋಗುತ್ತದೆ. ಇದೇ ಗುಣದಿಂದ ಸವಳು ಹೊಲದಲ್ಲಿ ನೀರು ಇಂಗದೆ ನಿಂತು ಬೆಳೆ ಹಾಳಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ನೆಲದಲ್ಲಿ ಸವಳು-ಜವಳು ಎಷ್ಟು ರೈತರನ್ನು ಕಂಗೆಡಿಸಿದೆ ಎಂಬುದು ಸಿಂಧನೂರಿನವರಿಗೆ ಗೊತ್ತು. ಹೊಲಕ್ಕೆ ಶಾಪವಾದ ಮಣ್ಣನ್ನು ಹಿರಿಯರು ಸೂರಿಗೆ ಕಾವಲಿಟ್ಟರು. ಯಾವ ಹೆಸರಾಂತ ವಾಸ್ತುಶಿಲ್ಪಿಯ ಜಾಣ್ಮೆಗೂ ಇದು ಕಡಿಮೆಯದಲ್ಲ.

ತಂಪಿನ ಗುಟ್ಟು ದಪ್ಪದಲ್ಲಿದೆ. ನಾಲ್ಕಿಂಚಿನ ಆರ್‌ಸಿಸಿ ಸ್ಲ್ಯಾಬಿನ ಮೇಲೆ ಬಿದ್ದ ಬಿಸಿಲು ಸುಮಾರು ಮೂರು ತಾಸಿನಲ್ಲಿ ಒಳಗೆ ಇಳಿಯುತ್ತದೆ. ಮಧ್ಯಾಹ್ನ ಎರಡರ ಕಾವು ಸಂಜೆ ಐದಕ್ಕೆ ತಲೆಯ ಮೇಲೆ ಸುರಿಯುತ್ತದೆ, ಸ್ಲ್ಯಾಬು ನಡುರಾತ್ರಿಯವರೆಗೂ ಆರುವುದಿಲ್ಲ. ಹತ್ತು ಇಂಚಿನ ಮಣ್ಣಿನ ಪದರ ದಾಟಲು ಅದೇ ಕಾವಿಗೆ ಒಂಬತ್ತು ತಾಸು ಬೇಕು. ದಾಟುವಷ್ಟರಲ್ಲಿ ಅದರ ಬಲವೂ ಬಹಳ ಕುಗ್ಗಿರುತ್ತದೆ. ಅಂದರೆ ಮಾಳಿಗೆ ಮನೆಯ ಒಳಗೆ ಸೆಕೆ ಕಾಣಿಸಿಕೊಳ್ಳುವುದು ರಾತ್ರಿ ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಮಾಳಿಗೆ ಏರಿರುತ್ತಿದ್ದರು. ಹಗಲು ಸೂರಿನ ಕೆಳಗೆ, ರಾತ್ರಿ ಸೂರಿನ ಮೇಲೆ. ಮನೆಯೂ ಮನೆಯವರ ದಿನಚರಿಯೂ ಒಂದಕ್ಕೊಂದು ಹೊಂದಿಕೊಂಡಿದ್ದವು.

ಹಾಗೆಂದು ಮಾಳಿಗೆ ಮನೆಯ ಕಷ್ಟವನ್ನು ಮುಚ್ಚಿಡಬಾರದು. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಅರ್ಧ ಟನ್ನಿನಷ್ಟು ತೂಗುತ್ತದೆ. ಹತ್ತಡಿ ಹತ್ತಡಿಯ ಅಂಕಣದ ಮೇಲೆ ನಾಲ್ಕೂವರೆ ಟನ್ನಿಗೂ ಹೆಚ್ಚು. ಸೋರಿದಾಗಲೆಲ್ಲ ಮಣ್ಣು ಹಾಕುತ್ತ ಹೋದರೆ ಭಾರ ಏರುತ್ತಲೇ ಇರುತ್ತದೆ, ಒಳಗೆ ಗೆದ್ದಲು ತೊಲೆಯನ್ನು ತಿನ್ನುತ್ತಿರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ಉತ್ತರ ಕರ್ನಾಟಕದುದ್ದಕ್ಕೂ ಮಣ್ಣಿನ ಮನೆಗಳು ಕುಸಿದು ಜನ ಸತ್ತರು. ಆಮೇಲೆ 'ಆಸರೆ' ಯೋಜನೆಯಲ್ಲಿ ಹೊಸ ಊರುಗಳು ಎದ್ದವು, ಮನೆಗಳು ಸಿಮೆಂಟಿನವು. ತಲೆಯ ಮೇಲೆ ಮಾಳಿಗೆ ಬೀಳುವುದನ್ನು ಕಂಡ ಕುಟುಂಬಕ್ಕೆ ಮಣ್ಣಿನ ತಂಪಿನ ಬಗ್ಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಈಗ ಯಾವ ಗೌಂಡಿಯನ್ನು ಕೇಳಿದರೂ ಬರುವ ಉತ್ತರ ಒಂದೇ: "ಮಣ್ಣಿನ ಮನಿ ಈಗ ಯಾರು ಕಟ್ಟಸ್ತಾರ್ರೀ ಯಜಮಾನ್ರ, ಬ್ಯಾಂಕಿನವರು ಸಾಲಾನೂ ಕೊಡಂಗಿಲ್ಲ, ತೊಲಿಗೆ ಮರಾನೂ ಸಿಗಂಗಿಲ್ಲ." ಅವನು ಹೇಳುವುದು ನಿಜ. ಸಾಗುವಾನಿ ತೊಲೆ ಇಂದು ಸಾಮಾನ್ಯರ ಕೈಗೆ ಎಟುಕುವುದಿಲ್ಲ, ಕಾಡೂ ಅದನ್ನು ಕೊಡಲಾರದು.

ಆದರೆ ಕುಸಿದ ಮನೆಗಳು ಕುಸಿದದ್ದು ಏಕೆಂದು ಕೇಳಬೇಕು. ಬಹುಪಾಲು ಗೋಡೆಗಳು ಬುಡದಲ್ಲಿ ನೆನೆದು ಕೂತವು. ಹಸಿ ಮಣ್ಣಿನ ಗೋಡೆಗೆ ದಿನಗಟ್ಟಲೆ ನಿಂತ ನೀರನ್ನು ತಡೆಯುವ ಶಕ್ತಿ ಇಲ್ಲ. ಕಲ್ಲಿನ ಎತ್ತರದ ಕಟ್ಟೆ, ಅದರ ಮೇಲೆ ಸಿಮೆಂಟ್ ಬೆರೆಸಿ ಒತ್ತಿದ ಬ್ಲಾಕ್, ಗೋಡೆಗೆ ಇರಚಲು ಬಡಿಯದಂತೆ ಚಾಚಿದ ಚಜ್ಜಾ ಇದ್ದರೆ ಕಥೆ ಬೇರೆ. ವಿದ್ಯಾರಣ್ಯಪುರದ ಮಣ್ಣಿನ ಗೋಡೆಗಳು ಕಾಲು ಶತಮಾನಕ್ಕೂ ಹೆಚ್ಚು ಬೆಂಗಳೂರಿನ ಮಳೆಯನ್ನು ತಾಳಿರುವುದು ಇದೇ ಎಚ್ಚರದಿಂದ.

ತನ್ನ ಮನೆಯನ್ನು ತಾನೇ ರೂಪಿಸಿಕೊಂಡವರ ಇನ್ನೂ ಕೆಲವು ಉದಾಹರಣೆಗಳು ನಮಗೆ ಉಪಯೋಗಕ್ಕೆ ಬರುತ್ತವೆ. ಒಂದು ತೀರಾ ಹತ್ತಿರದ್ದು, ಕೃಷ್ಣೆಯ ಆಚೆ ದಡದ ಸುರಪುರದಲ್ಲಿದೆ. 1840ರ ದಶಕದಲ್ಲಿ ಅಲ್ಲಿ ಪೊಲಿಟಿಕಲ್ ಏಜೆಂಟ್ ಆಗಿದ್ದ ಫಿಲಿಪ್ ಮೆಡೋಸ್ ಟೇಲರ್ ಊರ ಬಯಲು ಬಿಟ್ಟು ಗುಡ್ಡದ ಮೇಲೆ ಮನೆ ಕಟ್ಟಿಕೊಂಡ. ಜನ ಇಂದಿಗೂ ಅದನ್ನು ಟೇಲರ್ ಮಂಜಿಲ್ ಎನ್ನುತ್ತಾರೆ. ಎಂಜಿನಿಯರಿಂಗನ್ನು ಯಾವ ಕಾಲೇಜಿನಲ್ಲೂ ಓದದೆ ಸ್ವಂತವಾಗಿ ಕಲಿತವನು ಅವನು. ಗಾಳಿ ಆಡುವ ಜಾಗ ಹುಡುಕುವುದೇ ಮನೆಯ ಅರ್ಧ ವಿನ್ಯಾಸ ಎಂಬುದನ್ನು ಆ ಗುಡ್ಡ ತೋರಿಸುತ್ತದೆ. ತಿರುವನಂತಪುರದ ನಾಲಾಂಚಿರದಲ್ಲಿ ಲಾರಿ ಬೇಕರ್ (1917–2007) ತಮ್ಮ 'ಹ್ಯಾಮ್ಲೆಟ್' ಮನೆಯನ್ನು ಕಲ್ಲುಗುಡ್ಡದ ಇಳಿಜಾರಿನಲ್ಲಿ, ಇಳಿಜಾರನ್ನು ಸಮತಟ್ಟು ಮಾಡದೆಯೇ ಕಟ್ಟಿದರು. ಮಸ್ಕಿ, ಮುದಗಲ್ಲಿನ ಬಂಡೆಗಳಿಗೆ ಮದ್ದು ಹಾಕಿ ಸಿಡಿಸಿ ನಿವೇಶನ ಮಾಡುವವರು ಆ ಮನೆಯ ಚಿತ್ರವನ್ನಾದರೂ ನೋಡಬೇಕು. ಅಶೋಕನ ಹೆಸರನ್ನು ಜಗತ್ತಿಗೆ ಖಚಿತಪಡಿಸಿದ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯ ಬಂಡೆಯೊಂದರ ಮೇಲೆಯೇ. ಈ ಊರಿನ ಬಂಡೆ ಬರೀ ಜಲ್ಲಿಯ ಕಚ್ಚಾಮಾಲಲ್ಲ.

ಮೂರನೆಯದು ಮತ್ತೆ ಬೆಂಗಳೂರಿನದು. ಮಾಯಾ ಪ್ರಾಕ್ಸಿಸ್‌ನ ವಾಸ್ತುಶಿಲ್ಪಿಗಳಾದ ವಿಜಯ್ ನರ್ನಪಟ್ಟಿ ಮತ್ತು ಡಿಂಪಲ್ ಮಿತ್ತಲ್ ತಮಗಾಗಿ ಕಟ್ಟಿಕೊಂಡ ಮನೆಯ ಹೆಸರು 'ಕಚರಾ ಮನೆ'. ಕೆಡವಿದ ಕಟ್ಟಡಗಳ ಬಾಗಿಲು, ಕಿಟಕಿ, ಮರಗಳೇ ಅದರ ಬಹುಪಾಲು ಸಾಮಗ್ರಿ. ಆ ಮನೆಯ ಬಗ್ಗೆ ಓದುವಾಗ ನಮ್ಮ ಓಣಿಗಳಲ್ಲಿ ಕೆಡವಿದ ಮಾಳಿಗೆ ಮನೆಗಳ ತೊಲೆ, ಕೆತ್ತಿದ ಕಂಬ, ಚೌಕಟ್ಟುಗಳು ಟ್ರ್ಯಾಕ್ಟರ್ ಏರಿ ಹೋಗುವುದು ಕಣ್ಣ ಮುಂದೆ ಬರುತ್ತದೆ. ಅಜ್ಜನ ಕಾಲದ ಸಾಗುವಾನಿ ಕಂಬವನ್ನು ಸಿಕ್ಕ ಬೆಲೆಗೆ ಮಾರಿ, ಅದೇ ವಾರ ಪ್ಲೈವುಡ್ ಬಾಗಿಲು ಕೊಳ್ಳುವ ಮನೆಗಳಿವೆ. ಇದು ನನಗೆ ತಡೆಯಲಾಗದ ಸಂಕಟ.

ಹಾಗಿದ್ದರೆ ಈ ಮೂರು ತಾಲ್ಲೂಕಿನ ಮಣ್ಣು, ಬಿಸಿಲು, ಮಳೆಗೆ ಉತ್ತರವಾಗಿ ಇಂದು ಒಬ್ಬ ಆರ್ಕಿಟೆಕ್ಟ್ ತನ್ನ ಮನೆ ಕಟ್ಟಿಕೊಂಡರೆ ಅದು ಹೇಗಿರಬೇಕು? ಪಾಯ ಗರಸಿನವರೆಗೆ, ಕಟ್ಟೆ ಸೈಜುಗಲ್ಲಿನದು. ಬಿಸಿಲು ಬಡಿಯುವ ಪಡುವಣ ಗೋಡೆ ದಪ್ಪ, ಅದರಲ್ಲಿ ಕಿಟಕಿ ಇಲ್ಲ. ಮಸಾರಿ ಸಿಗುವ ಕಡೆ ಒತ್ತಿದ ಮಣ್ಣಿನ ಬ್ಲಾಕ್, ಎರೆಯ ಊರಿನಲ್ಲಿ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಹಾರುಬೂದಿಯಿಂದ ಮಾಡಿದ ಇಟ್ಟಿಗೆ. ಸೂರಿಗೆ ಮರದ ತೊಲೆಯ ಬದಲು ಕಾಂಕ್ರೀಟಿನ ತೆಳು ತೊಲೆಗಳು, ಅವುಗಳ ಮೇಲೆ ಪರಸಿ ಅಥವಾ ಗ್ರಾನೈಟ್ ಹಲಗೆ, ಅದರ ಮೇಲೆ ಮಗುಚಿಟ್ಟ ಗಡಿಗೆಗಳ ಸಾಲು, ಮೇಲೆ ಸುಣ್ಣದ ಗಾರೆ, ವರ್ಷಕ್ಕೊಮ್ಮೆ ಬಿಳಿ ಸುಣ್ಣ. ಗಡಿಗೆಯೊಳಗಿನ ಗಾಳಿ ಕಾವನ್ನು ತಡೆಯುತ್ತದೆ, ಭಾರ ಮಾತ್ರ ಹಳೆಯ ಮಾಳಿಗೆಯಷ್ಟಿಲ್ಲ. ಗವಾಕ್ಷಿ ಇರಲೇಬೇಕು. ಈಗ ಅದಕ್ಕೆ ಗಾಜು, ಜಾಲರಿ ಹಾಕಿ, ಕೆಳಗಿನಿಂದಲೇ ಹಗ್ಗ ಎಳೆದು ತೆರೆಯುವಂತೆ ಮಾಡಬಹುದು. ಮಳೆಯಲ್ಲಿ ಹುಡುಗರು ಮೇಲೆ ಓಡಬೇಕಿಲ್ಲ. ಮೇಲೆ ಹೋಗುವ ಮೆಟ್ಟಿಲು ಒಳಗಿಂದ ಇರಲಿ, ಮಲಗಲು ಒಂದು ಕಟ್ಟೆ ಇರಲಿ, ಹೆಂಗಸರಿಗೆ ಮರೆಯಾಗುವಷ್ಟು ಎತ್ತರದ ಪ್ಯಾರಾಪೆಟ್ ಇರಲಿ.

ಮಳೆಯ ಲೆಕ್ಕ ಹಾಕಿದರೆ ಇನ್ನೊಂದು ಉಪಕಾರ ಕಾಣುತ್ತದೆ. ನಮ್ಮಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಸಾವಿರ ಚದರಡಿಯ ಸೂರಿನ ಮೇಲೆ ಅಷ್ಟು ಮಳೆ ಬಿದ್ದರೆ 55 ಸಾವಿರ ಲೀಟರ್ ನೀರು. ಮೊದಲ ಮಳೆ ತೊಳೆದು ಬಿಟ್ಟು, ಆರಿ ಹೋದದ್ದನ್ನು ಕಳೆದರೂ 40 ಸಾವಿರ ಲೀಟರಿಗೆ ಮೋಸವಿಲ್ಲ. ಐದು ಮಂದಿಯ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ತಲಾ ಹತ್ತು ಲೀಟರ್ ಎಂದರೂ ವರ್ಷಕ್ಕೆ ಬೇಕಾದದ್ದು 18 ಸಾವಿರ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ, ಕಾಲುವೆ ನಿಂತ ಮೇಲೆ ಕೆರೆ ಬತ್ತುವ ಊರುಗಳಲ್ಲಿ, ಕ್ಯಾನ್ ಹೊತ್ತು ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಲ್ಲುವವರಿಗೆ ಈ ಲೆಕ್ಕ ದೊಡ್ಡದು. ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ವಿಜ್ಞಾನಿ ಎ.ಆರ್. ಶಿವಕುಮಾರ್ ಬೆಂಗಳೂರಿನ ತಮ್ಮ 'ಸೌರಭ' ಮನೆಯಲ್ಲಿ ಜಲಮಂಡಳಿಯ ನಲ್ಲಿಯೇ ಇಲ್ಲದೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಳೆನೀರಿನಲ್ಲೇ ಸಂಸಾರ ಮಾಡಿ ತೋರಿಸಿದ್ದಾರೆ. ಅಲ್ಲಿ ಮಳೆ ನಮಗಿಂತ ಹೆಚ್ಚು, ನಿಜ. ಕುಡಿಯುವ ನೀರಿನ ಮಟ್ಟಿಗಾದರೆ ನಮ್ಮ ಮಳೆಯೂ ಸಾಲುತ್ತದೆ.

ಇಂಥ ಮನೆ ಕಟ್ಟಲು ಬೆಂಗಳೂರಿನ ಆರ್ಕಿಟೆಕ್ಟೇ ಬೇಕೆಂದಿಲ್ಲ. ಆದರೆ ಒಬ್ಬೊಬ್ಬರೇ ಧೈರ್ಯ ಮಾಡುವುದು ಕಷ್ಟ, ಏಕೆಂದರೆ ಕಣ್ಣಿಗೆ ಕಾಣುವ ಒಂದು ಮನೆ ಇಲ್ಲದೆ ಯಾರೂ ನಂಬುವುದಿಲ್ಲ. 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಶುರುವಾದ ನಿರ್ಮಿತಿ ಕೇಂದ್ರಗಳು ಹುಟ್ಟಿದ್ದೇ ಕಡಿಮೆ ಖರ್ಚಿನ, ಸ್ಥಳೀಯ ಸಾಮಗ್ರಿಯ ಕಟ್ಟಡ ಕಲೆಯನ್ನು ಜನರಿಗೆ ಕಲಿಸಲು. ನಮ್ಮ ಜಿಲ್ಲೆಯಲ್ಲೂ ನಿರ್ಮಿತಿ ಕೇಂದ್ರವಿದೆ. ಸಿಂಧನೂರಿನ ಎರೆಯಲ್ಲಿ ಒಂದು, ಲಿಂಗಸುಗೂರಿನ ಮಸಾರಿಯಲ್ಲಿ ಒಂದು, ಮಸ್ಕಿಯ ಬಂಡೆಯ ಮೇಲೆ ಒಂದು ಮಾದರಿ ಮನೆ ಕಟ್ಟಿ, ಮೇ ತಿಂಗಳ ಮಧ್ಯಾಹ್ನ ಬಾಗಿಲು ತೆರೆದಿಟ್ಟು, ಪಕ್ಕದ ಸ್ಲ್ಯಾಬಿನ ಮನೆಯಲ್ಲೂ ಇಲ್ಲೂ ತಾಪಮಾಪಕ ತೂಗುಹಾಕಲಿ. ಮುಂದಿನ ಮಾತನ್ನು ಜನರೇ ಆಡುತ್ತಾರೆ. ಆ ಕೆಲಸಕ್ಕೆ ಮೂರೂ ತಾಲ್ಲೂಕಿನ ಗೌಂಡಿಗಳನ್ನು ಕೂಲಿ ಕೊಟ್ಟು ಕರೆಯಲಿ, ಕೈಯಲ್ಲಿ ಮಾಡಿದ್ದನ್ನು ಅವರು ಮರೆಯುವುದಿಲ್ಲ.

ಅಲ್ಲಿಯವರೆಗೆ, ಹಳೆಯ ಮಾಳಿಗೆ ಮನೆ ಕೆಡವಲು ದಿನ ಗೊತ್ತು ಮಾಡಿರುವವರಲ್ಲಿ ಒಂದು ಕೋರಿಕೆ. ಜೆಸಿಬಿ ಬರುವ ಮುಂಚೆ ಒಬ್ಬ ಎಂಜಿನಿಯರನ್ನೂ ಒಬ್ಬ ವಯಸ್ಸಾದ ಗೌಂಡಿಯನ್ನೂ ಒಟ್ಟಿಗೆ ಒಳಗೆ ಕರೆದು ತೋರಿಸಿ. ಗೋಡೆಯ ದಪ್ಪ, ಗವಾಕ್ಷಿಯ ಅಳತೆ, ಅಂಕಣದ ಅಗಲ, ಮಾಳಿಗೆಯ ಪದರಗಳನ್ನು ಅಳೆದು ಬರೆದಿಟ್ಟುಕೊಳ್ಳಿ, ಫೋಟೊ ತೆಗೆದಿಡಿ. ಗಟ್ಟಿಯಾಗಿರುವ ತೊಲೆ, ಕಂಬ, ಬಾಗಿಲನ್ನು ಮಾರದೆ ಹೊಸ ಮನೆಯ ನಕ್ಷೆಯಲ್ಲೇ ಜಾಗ ಕೊಡಿಸಿ.